ಕೊನೆ ಕಂತು ಮೊದಲೇ ಬರೆದಿಟ್ಟರೆ ಸಾಕಾ?

ಒಂದು ಸಸ್ಪೆನ್ಸ್ ಸೀರೀಸ್ ಚೆನ್ನಾಗಿದೆ, ನೋಡಿ ಅಂತ ಯಾರಿಗೇ ಹೇಳಿದರೂ ಈಗ ಮೊದಲು ಬರುವ ಪ್ರಶ್ನೆ ಒಂದೇ. "ಕೊನೆ ಸರಿ ಉಂಟಾ? ಇಲ್ಲದಿದ್ದರೆ ನಾನು ಶುರು ಮಾಡುವುದೇ ಇಲ್ಲ." ಕತೆ ಏನು, ಯಾರು ನಟಿಸಿದ್ದಾರೆ ಅನ್ನುವುದೆಲ್ಲ ಆಮೇಲೆ. ಈ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವರ್ಷಗಟ್ಟಲೆ ಒಂದು ಕತೆಯ ಹಿಂದೆ ಹೋಗಿ, ಸಣ್ಣ ಸಣ್ಣ ಸುಳಿವನ್ನೆಲ್ಲ ನೆನಪಿಟ್ಟುಕೊಂಡು, ಗೆಳೆಯರ ಹತ್ತಿರ ಜಗಳ ಮಾಡಿ, ಕೊನೆಗೆ ಬರೆದವರಿಗೇ ಉತ್ತರ ಗೊತ್ತಿರಲಿಲ್ಲವೇನೋ ಅಂತ ಅನ್ನಿಸಿದರೆ ಮೋಸ ಹೋದ ಹಾಗೆ ಆಗುತ್ತದೆ, ಅಲ್ವಾ?

ಅದಕ್ಕೇ ಜಾಸ್ತಿ ಜನ ಒಂದು ಪರಿಹಾರ ಹೇಳುತ್ತಾರೆ. ಮೊದಲ ದಿನವೇ ಕೊನೆ ಬರೆದಿಡಬೇಕು. ಕೊಲೆ ಮಾಡಿದವನು ಯಾರು, ದ್ವೀಪದ ಗುಟ್ಟು ಏನು, ಎಲ್ಲ ಗೊತ್ತಿಟ್ಟುಕೊಂಡೇ ಕ್ಯಾಮೆರಾ ಆನ್ ಮಾಡಬೇಕು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ನಾನು ಇಷ್ಟು ವರ್ಷ ನೋಡಿದ್ದರಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಉತ್ತರ ಮೊದಲೇ ಗೊತ್ತಿರುವುದಕ್ಕಿಂತ, ಕತೆ ಎಷ್ಟು ಉದ್ದ, ಯಾವತ್ತು ಮುಗಿಯುತ್ತದೆ ಅಂತ ಗೊತ್ತಿರುವುದು ಜಾಸ್ತಿ ಮುಖ್ಯ. ಉತ್ತರ ದಾರಿಯಲ್ಲಿ ಬದಲಾದರೂ ನಡೆಯುತ್ತದೆ. ಉದ್ದ ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಉತ್ತರ ಇದ್ದರೂ ಕತೆ ಕೊಳೆಯುತ್ತದೆ.

(ಮುಂದೆ ಕೆಲವು ಹಳೇ ಸೀರೀಸ್‌ಗಳ ಕೊನೆ ಸ್ವಲ್ಪ ಸ್ವಲ್ಪ ಬರುತ್ತದೆ. ಕೊಲೆಗಾರರ ಹೆಸರು ಮಾತ್ರ ಎಲ್ಲೂ ಹೇಳುವುದಿಲ್ಲ.)

ಈ ವಿಷಯ ಬಂದಾಗ ಎಲ್ಲರೂ ಎತ್ತುವ ಹೆಸರು 'ಲಾಸ್ಟ್'. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2004ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2010ರ ಮೇ 23ಕ್ಕೆ ಮುಗಿದದ್ದು, ಒಟ್ಟು ಆರು ಸೀಸನ್. ಒಂದು ವಿಮಾನ ಯಾವುದೋ ದ್ವೀಪದಲ್ಲಿ ಬೀಳುತ್ತದೆ. ಉಳಿದವರ ಎದುರು ಒಂದೊಂದೇ ವಿಚಿತ್ರ ಬರುತ್ತದೆ. ಬಿಸಿಲಿನ ದ್ವೀಪದಲ್ಲಿ ಹಿಮಕರಡಿ. ಕಾಡಿನೊಳಗೆ ಮರ ಉರುಳಿಸುವ, ಕಣ್ಣಿಗೆ ಕಾಣದ ಏನೋ ಒಂದು. ನೆಲದಲ್ಲಿ ಹುಗಿದ ಕಬ್ಬಿಣದ ಮುಚ್ಚಳ. 4, 8, 15, 16, 23, 42 ಅನ್ನುವ ಸಂಖ್ಯೆಗಳು. ಮೊದಲ ಸೀಸನ್ ನೋಡುವಾಗ ನಿದ್ದೆ ಬರುತ್ತಿರಲಿಲ್ಲ.

ಮೂರನೇ ಸೀಸನ್‌ಗೆ ಬರುವಾಗ ಕತೆ ನಿಂತ ಜಾಗದಲ್ಲೇ ನಿಂತಿತು. ಮುಖ್ಯ ಪಾತ್ರಗಳು ಕಂತಿನಿಂದ ಕಂತಿಗೆ ಬೋನಿನೊಳಗೆ ಕೂತಿರುತ್ತವೆ. ಒಂದು ಇಡೀ ಕಂತು ನಾಯಕ ಜ್ಯಾಕ್‌ನ ತೋಳಿನ ಹಚ್ಚೆ ಎಲ್ಲಿಂದ ಬಂತು ಅನ್ನುವುದಕ್ಕೇ ಹೋಯಿತು. ಯಾರಿಗೂ ಬೇಡದ ಪ್ರಶ್ನೆ ಅದು. ಆದರೆ ಬರೆಯುವವರ ಕಡೆಯಿಂದ ಯೋಚಿಸಿ. ಡೇಮನ್ ಲಿಂಡಲಾಫ್, ಕಾರ್ಲ್‌ಟನ್ ಕ್ಯೂಸ್ ಇಬ್ಬರಿಗೂ ಈ ಕತೆ ಇನ್ನೂ ಎರಡು ವರ್ಷ ಓಡುತ್ತದಾ, ಏಳು ವರ್ಷ ಓಡುತ್ತದಾ ಅಂತ ಗೊತ್ತಿಲ್ಲ. ಜನ ನೋಡುವವರೆಗೆ ಚಾನೆಲ್‌ಗೆ ನಿಲ್ಲಿಸುವ ಮನಸ್ಸಿಲ್ಲ. ಇವತ್ತು ಒಂದು ದೊಡ್ಡ ಗುಟ್ಟು ಬಿಟ್ಟುಕೊಟ್ಟರೆ ನಾಳೆಗೆ ಏನು ಉಳಿಯುತ್ತದೆ? ಹಾಗಾಗಿ ಗುಟ್ಟನ್ನು ಮುಟ್ಟದೆ ಸುತ್ತ ಸುತ್ತ ತಿರುಗುವುದೊಂದೇ ದಾರಿ. ಹಚ್ಚೆಯ ಕಂತು ಬಂದದ್ದು ಹಾಗೆ. ಕತೆ ಬರೀ ಎಳೆದರೆ ಹೇಗಿರುತ್ತದೆ ಅಂತ ಚಾನೆಲ್‌ನವರಿಗೆ ಅರ್ಥ ಮಾಡಿಸಲು ಆ ಕಂತೇ ಉಪಯೋಗಕ್ಕೆ ಬಂತು ಅಂತ ಲಿಂಡಲಾಫ್ ಆಮೇಲೆ ಹೇಳಿಕೊಂಡಿದ್ದಾರೆ.

2007ರ ಮೇ ತಿಂಗಳಲ್ಲಿ ಎಬಿಸಿ ಒಂದು ಘೋಷಣೆ ಮಾಡಿತು. ಇನ್ನು 48 ಕಂತು, ಮೂರು ಸೀಸನ್, 2010ಕ್ಕೆ ಮುಕ್ತಾಯ. ಗೆದ್ದು ಓಡುತ್ತಿರುವ ಸೀರೀಸ್‌ಗೆ ಮೂರು ವರ್ಷ ಮೊದಲೇ ಕೊನೆಯ ದಿನ ಹೇಳುವುದು ಅಮೆರಿಕದ ಟಿವಿಯಲ್ಲಿ ಆಗ ದೊಡ್ಡ ಸುದ್ದಿ. ಅಲ್ಲಿಂದ ಮುಂದೆ ಕತೆಗೆ ಜೀವ ಬಂದದ್ದು ನೋಡಿದರೆ ಗೊತ್ತಾಗುತ್ತದೆ. ನಾಲ್ಕನೇ ಸೀಸನ್ ಹಾಲಿವುಡ್ ಬರಹಗಾರರ ಮುಷ್ಕರದಿಂದ ಇನ್ನೂ ಗಿಡ್ಡ ಆಯಿತು. ಆದರೂ ಅದು ನನಗೆ ಬಹಳ ಇಷ್ಟ, ಒಂದು ದೃಶ್ಯವೂ ಹಾಳಾಗಿಲ್ಲ.

ಹಾಗಾದರೆ ಲಾಸ್ಟ್‌ನ ಕೊನೆ ಸರಿ ಇದೆಯಾ? ಪಾತ್ರಗಳ ಮಟ್ಟಿಗೆ ಇದೆ ಅಂತಲೇ ನನ್ನ ಅಭಿಪ್ರಾಯ. ಮೊದಲ ಕಂತು ಜ್ಯಾಕ್ ಕಣ್ಣು ತೆರೆಯುವುದರಿಂದ ಶುರುವಾಗುತ್ತದೆ, ಕೊನೆಯ ಕಂತು ಅದೇ ಕಣ್ಣು ಮುಚ್ಚುವುದರಲ್ಲಿ ಮುಗಿಯುತ್ತದೆ. ಅದು ನೋಡುವಾಗ ಗಂಟಲು ಕಟ್ಟಿತ್ತು. ಆದರೆ ಮೊದಲ ಮೂರು ಸೀಸನ್‌ನಲ್ಲಿ ಬಿತ್ತಿದ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಉತ್ತರ ತೆಳು, ಕೆಲವಕ್ಕೆ ಇಲ್ಲವೇ ಇಲ್ಲ. ದಿನಾಂಕ ಮೂರು ಸೀಸನ್ ತಡವಾಗಿ ಸಿಕ್ಕಿದ್ದರ ಫಲ ಅದು. ಇನ್ನೊಂದು ಮಾತು ಹೇಳಿಯೇಬಿಡುತ್ತೇನೆ. "ಅವರೆಲ್ಲ ಮೊದಲೇ ಸತ್ತಿದ್ದರಂತೆ, ದ್ವೀಪವೇ ಸುಳ್ಳಂತೆ" ಅಂತ ಈಗಲೂ ಎಷ್ಟು ಜನ ಹೇಳುತ್ತಾರೆ ಮಾರಾಯ್ರೆ! ಅದು ತಪ್ಪು. ದ್ವೀಪದಲ್ಲಿ ಆದದ್ದೆಲ್ಲ ಕತೆಯೊಳಗೆ ನಿಜವಾಗಿಯೂ ಆದದ್ದು, ಕೊನೆಯ ಕಂತಿನಲ್ಲಿ ಅದನ್ನು ಬಾಯಿಬಿಟ್ಟೇ ಹೇಳುತ್ತಾರೆ. ಗೊಂದಲ ಆದದ್ದು ಯಾಕೆಂದರೆ ಕೊನೆಗೆ ಹೆಸರುಗಳು ಬರುವಾಗ ಚಾನೆಲ್‌ನವರು ಸಮುದ್ರ ತೀರದಲ್ಲಿ ಬಿದ್ದ ವಿಮಾನದ ಅವಶೇಷಗಳ ಖಾಲಿ ಚಿತ್ರ ತೋರಿಸಿದರು. ನೋಡುವವರು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಹಾಕಿದ್ದು. ಜನ ಅದನ್ನೂ ಸುಳಿವು ಅಂದುಕೊಂಡರು. ಆರು ವರ್ಷ ಎಲ್ಲದರಲ್ಲೂ ಸುಳಿವು ಹುಡುಕಿ ಅಭ್ಯಾಸ ಆದವರಿಗೆ ಹಾಗೆ ಅನ್ನಿಸುವುದು ಸಹಜ.

ಇದಕ್ಕೆ ಉಲ್ಟಾ ಕತೆ 'ಟ್ವಿನ್ ಪೀಕ್ಸ್'. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಮಾಡಿದ್ದು, 1990ರ ಏಪ್ರಿಲ್‌ನಲ್ಲಿ ಶುರು. ಒಂದು ಸಣ್ಣ ಊರು, ನದಿ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಒಬ್ಬ ಹುಡುಗಿಯ ಹೆಣ. ಆ ಹುಡುಗಿ ಲಾರಾ ಪಾಮರ್‌ಳನ್ನು ಕೊಂದದ್ದು ಯಾರು ಅಂತ ಅಮೆರಿಕವೇ ಕೇಳುತ್ತಿತ್ತು. ಸೀರೀಸ್ ಮಾಡಿದವರಿಗೆ ಉತ್ತರ ಗೊತ್ತಿತ್ತು. ಆದರೆ ಅದನ್ನು ಬೇಗ ಹೇಳುವ ಯೋಚನೆ ಅವರಿಗೆ ಇರಲೇ ಇಲ್ಲ, ಲಿಂಚ್‌ಗಂತೂ ಹೇಳುವ ಮನಸ್ಸೇ ಇರಲಿಲ್ಲ. ಊರಿನ ಬದುಕು ಬಿಚ್ಚಿಕೊಳ್ಳಲಿಕ್ಕೆ ಆ ಪ್ರಶ್ನೆ ಒಂದು ನೆಪ. ಚಾನೆಲ್ ಒತ್ತಾಯ ಮಾಡಿತು, ಎರಡನೇ ಸೀಸನ್‌ನ ಮಧ್ಯದಲ್ಲೇ, 1990ರ ನವೆಂಬರ್‌ನಲ್ಲಿ, ಹೇಳಿಯೂ ಆಯಿತು. ಆ ಕಂತು ಭಯಾನಕ, ಟಿವಿಯಲ್ಲಿ ಅಂಥದ್ದು ನಾನು ಬೇರೆ ನೋಡಿಲ್ಲ. ಆದರೆ ಅದರ ನಂತರ ಉಳಿದ ಕಂತುಗಳಿಗೆ ನಿಲ್ಲಲು ನೆಲವೇ ಇರಲಿಲ್ಲ. 1991ರ ಜೂನ್‌ಗೆ ಸೀರೀಸ್ ಮುಗಿಯಿತು. ಅದರ ಕೊನೆಯಲ್ಲಿ ಲಾರಾ "25 ವರ್ಷದ ನಂತರ ಮತ್ತೆ ಸಿಗುತ್ತೇನೆ" ಅನ್ನುತ್ತಾಳೆ. 2017ರಲ್ಲಿ ನಿಜವಾಗಿಯೂ 18 ಕಂತುಗಳಾಗಿ ಮರಳಿ ಬಂತು. ಆಗ ಪ್ರಸಾರಕ್ಕೆ ಮೊದಲೇ ಎಷ್ಟು ಕಂತು ಅಂತ ಗೊತ್ತಿತ್ತು, ಲಿಂಚ್ ಎಲ್ಲವನ್ನೂ ತಾವೇ ನಿರ್ದೇಶಿಸಿದರು. ಆ ಕೊನೆ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಆದರೂ ಯಾರೂ ಅದನ್ನು ಕೈತಪ್ಪಿ ಆದ ಕೊನೆ ಅನ್ನಲಾರರು. 2025ರ ಜನವರಿಯಲ್ಲಿ ಲಿಂಚ್ ತೀರಿಕೊಂಡಾಗ ನಾನು ಮೊದಲು ನೆನೆಸಿಕೊಂಡದ್ದು ಆ ಕೊನೆಯ ಕಿರುಚಾಟವನ್ನೇ.

ಸರಿ, ಎಲ್ಲ ಮೊದಲೇ ಬರೆದಿಟ್ಟರೆ? ಅದಕ್ಕೂ ಒಂದು ಉದಾಹರಣೆ ಇದೆ, ಅದು ಕೊಲೆಯ ಕತೆ ಅಲ್ಲದಿದ್ದರೂ. 'ಹೌ ಐ ಮೆಟ್ ಯುವರ್ ಮದರ್'. 2005ರಿಂದ 2014ರವರೆಗೆ ಒಂಬತ್ತು ಸೀಸನ್. ಅಪ್ಪ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಅಮ್ಮ ಹೇಗೆ ಸಿಕ್ಕಿದಳು ಅಂತ ಹೇಳುತ್ತಾನೆ, ಅಮ್ಮ ಯಾರು ಅನ್ನುವುದೇ ಗುಟ್ಟು. ಮಕ್ಕಳ ಪಾತ್ರ ಮಾಡಿದವರು ಬೆಳೆದುಬಿಡುತ್ತಾರೆ ಅಂತ ಅವರ ಕೊನೆಯ ದೃಶ್ಯವನ್ನು ಎರಡನೇ ಸೀಸನ್ ಹೊತ್ತಿಗೇ ಚಿತ್ರೀಕರಣ ಮಾಡಿ ಬೀಗ ಹಾಕಿ ಇಟ್ಟರು. ಎಂಟು ವರ್ಷ ಕಾದು ಅದನ್ನೇ ಅಂಟಿಸಿದರು. ಅಷ್ಟರಲ್ಲಿ ಪಾತ್ರಗಳು ಬೇರೆಯೇ ಜನ ಆಗಿದ್ದವು. ಕೊನೆಯ ಸೀಸನ್ ಪೂರ್ತಿ ಒಂದು ಮದುವೆಯ ಸುತ್ತ ನಡೆಯುತ್ತದೆ. ಕೊನೆಯ ಕಂತು ಬಂದ ಕೂಡಲೇ ಆ ಮದುವೆ ಮುರಿದುಬಿಡುತ್ತದೆ, ಯಾಕೆಂದರೆ 2006ರ ದೃಶ್ಯಕ್ಕೆ ಕತೆ ಹೊಂದಬೇಕಿತ್ತು. ಬರೆದವರು ತಮ್ಮ ಮಾತಿಗೆ ನಿಷ್ಠರಾಗಿದ್ದರು. ಆದರೆ ಕತೆ ಎರಡು ಮೂರು ವರ್ಷ ಓಡಿದ್ದರೆ ಆ ಕೊನೆ ಒಪ್ಪುತ್ತಿತ್ತು, ಒಂಬತ್ತು ವರ್ಷಕ್ಕೆ ಒಪ್ಪಲಿಲ್ಲ.

ನಮ್ಮ ಕಡೆ ಆಟ ನೋಡಿ ಬೆಳೆದವರಿಗೆ ಇದು ಹೊಸ ವಿಷಯ ಆಗಬಾರದು. ಯಕ್ಷಗಾನದಲ್ಲಿ ಕೊನೆ ಏನು ಅಂತ ಮಕ್ಕಳಿಗೂ ಗೊತ್ತು. ಗದಾಯುದ್ಧ ಪ್ರಸಂಗಕ್ಕೆ ಹೋಗಿ ಕೂತವರಲ್ಲಿ ದುರ್ಯೋಧನ ಉಳಿಯುತ್ತಾನಾ ಅಂತ ಯಾರೂ ಕೇಳುವುದಿಲ್ಲ. ಪದ್ಯ ಬರೆದಿಟ್ಟದ್ದು, ಅದು ಬದಲಾಗುವುದಿಲ್ಲ. ಆದರೆ ಪದ್ಯದ ಮೇಲೆ ಆಡುವ ಅರ್ಥ, ಅಂದರೆ ವೇಷಧಾರಿಗಳ ಮಾತು, ಆ ರಾತ್ರಿಯದ್ದು. ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಹಂಗಿಸುವಾಗ ಇಬ್ಬರು ಒಳ್ಳೆಯ ವೇಷಧಾರಿಗಳು ಎದುರುಬದುರಾದರೆ ಮಾತು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಹಾಗಂತ ಅದು ಕೊನೆಯಿಲ್ಲದೆ ಹೋಗುವುದೂ ಇಲ್ಲ. ಪದ್ಯ ಹಾಡಿ ಆಟ ನಡೆಸುವ ಭಾಗವತರು ಕೂತಿದ್ದಾರಲ್ಲ. ಮಾತು ಏರುತ್ತಿದೆ ಅಂದರೆ ಬಿಡುತ್ತಾರೆ, ಎಳೆಯುತ್ತಿದೆ ಅಂದರೆ ತಾಳ ಹಾಕಿ ಮುಂದಿನ ಪದ್ಯ ಎತ್ತುತ್ತಾರೆ. ಬೆಳಗಾಗುವುದರೊಳಗೆ ಮಂಗಳ ಆಗಬೇಕು ಅನ್ನುವ ಲೆಕ್ಕ ಅವರ ತಲೆಯಲ್ಲಿ ಇರುತ್ತದೆ. ಈಗ ಕಾಲಮಿತಿ ಆಟ ಬಂದ ಮೇಲೆ ಅದೇ ಪ್ರಸಂಗ ಮಧ್ಯರಾತ್ರಿಯ ಒಳಗೆ ಮುಗಿಯಬೇಕು, ಆಗ ಭಾಗವತರು ಯಾವ ಪದ್ಯ ಬಿಡಬೇಕು, ಯಾವುದು ಬಿಡಲೇಬಾರದು ಅಂತ ಮೊದಲೇ ಆರಿಸಿಕೊಂಡು ಬರುತ್ತಾರೆ. ಟಿವಿ ಸೀರೀಸ್‌ಗೆ ಬೇಕಾದದ್ದು ಇಂಥ ಒಬ್ಬ ಭಾಗವತ ಮತ್ತು ಬೆಳಗಾಗುವ ಹೊತ್ತು ಯಾವುದು ಅಂತ ಅವರಿಗೆ ಮೊದಲೇ ಹೇಳುವ ಒಂದು ಚಾನೆಲ್.

ಇದೆರಡೂ ಸೇರಿ ಬಂದದ್ದು 'ಡಾರ್ಕ್'ನಲ್ಲಿ. ಜರ್ಮನಿಯ ಸೀರೀಸ್, ಬಾರನ್ ಬೋ ಒಡರ್ ಮತ್ತು ಯಾಂಟ್ಯೆ ಫ್ರೀಜೆ ದಂಪತಿಗಳದ್ದು. 2017ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಮೂರೇ ಸೀಸನ್ ಅಂತ ಅವರು ಮೊದಲೇ ಯೋಚಿಸಿಟ್ಟಿದ್ದರು. 10, 8, 8, ಒಟ್ಟು 26 ಕಂತು. ವಿಂಡನ್ ಅನ್ನುವ ಊರಿನಲ್ಲಿ ಮಕ್ಕಳು ಕಾಣೆಯಾಗುತ್ತಾರೆ, 33 ವರ್ಷಕ್ಕೊಮ್ಮೆ ಕಾಲ ಸುತ್ತಿ ಬರುತ್ತದೆ, 2019, 1986, 1953. ಕತೆಯೊಳಗೆ ಪ್ರಳಯ ಆಗುವ ದಿನ 2020ರ ಜೂನ್ 27. ಮೂರನೇ ಸೀಸನ್ ಬಿಡುಗಡೆ ಆದದ್ದೂ ಅದೇ ದಿನ. ಕೊರೊನಾ ಕಾಲ, ಉಡುಪಿಯಲ್ಲಿ ಜೋರು ಮಳೆ, ಹೊರಗೆ ಹೋಗುವ ಹಾಗಿಲ್ಲ. ನಾನು ಮತ್ತು ಚಿಕ್ಕಮ್ಮನ ಮಗಳು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದಿನ ಬಿಳಿ ಬದಿಯಲ್ಲಿ ನಾಲ್ಕು ಮನೆತನಗಳ ವಂಶವೃಕ್ಷ ಬರೆದೆವು. 1953ರವರಿಗೆ ಪೆನ್ಸಿಲ್, 1986ಕ್ಕೆ ನೀಲಿ, 2019ಕ್ಕೆ ಕೆಂಪು. ಒಬ್ಬನ ಹೆಸರು ಎರಡು ಬಣ್ಣದಲ್ಲಿ ಎರಡು ಕಡೆ ಬಂತು. ಒಂದು ಕಡೆಯಂತೂ ಅಮ್ಮನಿಂದ ಮಗಳಿಗೆ ಎಳೆದ ಗೆರೆ ತಿರುಗಿ ಮೇಲಕ್ಕೆ ಹೋಗಿ ಅದೇ ಅಮ್ಮನ ತಲೆಯ ಮೇಲೆ ನಿಂತಿತು. ಕರೆಂಟ್ ಹೋದಾಗೆಲ್ಲ ಮೊಬೈಲ್ ಟಾರ್ಚ್ ಹಿಡಿದು ಆ ಹಾಳೆಯ ಮೇಲೆ ಬಗ್ಗಿ ಕೂರುತ್ತಿದ್ದೆವು. ಚಿಕ್ಕಮ್ಮ ಚಾ ತಂದಿಟ್ಟು ನೋಡಿ, "ಎಂತ ಮಕ್ಕಳೇ ಇದು, ಜಾತಕವಾ?" ಅಂತ ಕೇಳಿದರು. ಸೀರೀಸ್ ಮುಗಿದ ಮೇಲೆ ಆ ಹಾಳೆಯನ್ನು ಮತ್ತೆ ನೋಡಿದೆವು. ಒಂದು ಗೆರೆಯೂ ಅಳಿಸಬೇಕಾಗಿ ಬರಲಿಲ್ಲ. ಮೊದಲ ಸೀಸನ್‌ನಲ್ಲಿ ಸುಮ್ನೆ ಗೋಡೆಯ ಮೇಲೆ ಕಂಡ ಫೋಟೊಗೂ ಮೂರನೇ ಸೀಸನ್‌ನಲ್ಲಿ ಲೆಕ್ಕ ಇತ್ತು.

ಮೂರನೇ ಸೀಸನ್‌ನ ಮಧ್ಯ ಭಾರ, ಅದನ್ನು ಒಪ್ಪುತ್ತೇನೆ. ಅಲ್ಲಿ ಕತೆಯ ಒಳಗೆ ಇರುವುದಕ್ಕಿಂತ ಲೆಕ್ಕ ಬಿಡಿಸುವುದೇ ಜಾಸ್ತಿ ಆಗುತ್ತದೆ. ಆದರೆ ಕೊನೆಯ ಕಂತು ಅಷ್ಟೂ ಗೋಜಲನ್ನು ಒಬ್ಬ ಮನುಷ್ಯನ ದುಃಖಕ್ಕೆ ತಂದು ನಿಲ್ಲಿಸುತ್ತದೆ. ಗುಟ್ಟಿಗೆ ಉತ್ತರ ಒಂದು ಯಂತ್ರವೋ ಸೂತ್ರವೋ ಆಗಿದ್ದರೆ ಓಹೋ ಅಂತ ಎದ್ದು ಹೋಗುತ್ತಿದ್ದೆವು. ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ಆದರೆ ಯೋಜನೆ ಅಂದರೆ ಎಲ್ಲವೂ ಹೀಗೆ ಮೊದಲೇ ಲೆಕ್ಕ ಹಾಕಿರಬೇಕು ಅಂತಲೂ ಇಲ್ಲ. 'ಬ್ರೇಕಿಂಗ್ ಬ್ಯಾಡ್' ಐದನೇ ಸೀಸನ್ ಶುರುವಾಗುವುದು ನಾಯಕ ಗಡ್ಡ ಬಿಟ್ಟುಕೊಂಡು, ಕಾರಿನ ಡಿಕ್ಕಿಯಲ್ಲಿ ಒಂದು ದೊಡ್ಡ ಮೆಷಿನ್ ಗನ್ ಇಟ್ಟುಕೊಂಡು ಹೋಗುವುದರಿಂದ. ಯಾಕೆ, ಯಾರ ಮೇಲೆ ಅಂತ ನಮಗೆ ಗೊತ್ತಿಲ್ಲ. ಅದನ್ನು ಬರೆದಾಗ ತಮಗೂ ಗೊತ್ತಿರಲಿಲ್ಲ ಅಂತ ವಿನ್ಸ್ ಗಿಲಿಗನ್ ಆಮೇಲೆ ಹೇಳಿದ್ದಾರೆ. ನಾಯಕನ ಜೊತೆಗಾರ ಜೆಸ್ಸಿಯ ಪಾತ್ರವನ್ನು ಮೊದಲ ಸೀಸನ್‌ನಲ್ಲೇ ಸಾಯಿಸುವ ಯೋಚನೆ ಇತ್ತಂತೆ. ಅದನ್ನು ಬಿಟ್ಟದ್ದರಿಂದಲೇ ಕತೆ ಉಳಿಯಿತು. ಆದರೆ ಇನ್ನು 16 ಕಂತು ಮಾತ್ರ ಅಂತ ಗೊತ್ತಿತ್ತು. ಅಷ್ಟರೊಳಗೆ ಆ ಗನ್ನಿಗೆ ಕೆಲಸ ಹುಡುಕಲೇಬೇಕು. ತಲೆ ಕೆಡಿಸಿಕೊಂಡು ಹುಡುಕಿದರು, 2013ರ ಸೆಪ್ಟೆಂಬರ್‌ನ ಆ ಕೊನೆ ನೋಡಿದವರಿಗೆ ಯಾವುದೋ ಒಂದು ಅಂಟಿಸಿದ್ದು ಅಂತ ಅನ್ನಿಸುವುದೇ ಇಲ್ಲ.

ನಮ್ಮಲ್ಲಿ ಕಡಿಮೆ ಜನ ನೋಡಿದ 'ಬ್ಯಾಬಿಲಾನ್ 5' ಅಂತ ಒಂದಿದೆ, ಬಾಹ್ಯಾಕಾಶದ ಕತೆ. ಜೆ. ಮೈಕೆಲ್ ಸ್ಟ್ರಜಿನ್ಸ್‌ಕಿ ಐದು ವರ್ಷದ ಕತೆ ಅಂತ 90ರ ದಶಕದಲ್ಲೇ ಲೆಕ್ಕ ಹಾಕಿ ಶುರು ಮಾಡಿದರು, ಬಹುಪಾಲು ಕಂತು ಒಬ್ಬರೇ ಬರೆದರು. ಅವರ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಪ್ರತಿ ಪಾತ್ರಕ್ಕೂ ಒಂದು ಹಿಂಬಾಗಿಲು. ನಟ ಯಾವುದೋ ಕಾರಣಕ್ಕೆ ಬಿಟ್ಟುಹೋದರೆ ಕತೆ ಕೆಡದ ಹಾಗೆ ಆ ಪಾತ್ರ ಹೊರಗೆ ಹೋಗಲು ದಾರಿ. ಅದು ಬೇಕಾಗಿಯೂ ಬಂತು, ಮೊದಲ ಸೀಸನ್ ಆದ ಮೇಲೆ ಮುಖ್ಯ ನಟನೇ ಹೋದರು. ಅವರ ಎಳೆಯನ್ನು ಮೂರನೇ ಸೀಸನ್‌ನಲ್ಲಿ ಎಷ್ಟು ಚೆನ್ನಾಗಿ ಮುಗಿಸಿದರೆಂದರೆ ಮೊದಲಿಂದ ಹಾಗೇ ಇತ್ತೇನೋ ಅನ್ನಿಸುತ್ತದೆ. ಐದನೇ ಸೀಸನ್ ಸಿಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಕೊನೆಯ ಕಂತನ್ನು ನಾಲ್ಕನೇ ಸೀಸನ್‌ನ ಜೊತೆಯೇ ಚಿತ್ರೀಕರಿಸಿದರು. ಸೀಸನ್ ಸಿಕ್ಕಿತು, ಆ ಕಂತನ್ನು ಎತ್ತಿಟ್ಟು 1998ರಲ್ಲಿ ತೋರಿಸಿದರು. ಆ ಹೆದರಿಕೆಯಲ್ಲಿ ನಾಲ್ಕನೇ ಸೀಸನ್‌ಗೆ ಎಲ್ಲ ತುರುಕಿದ್ದರಿಂದ ಐದನೆಯದ್ದು ಸ್ವಲ್ಪ ಸಪ್ಪೆ. ಇಷ್ಟು ಯೋಜನೆ ಮಾಡಿದವರಿಗೂ ಉದ್ದದ ಭರವಸೆ ಸಿಗದಿದ್ದರೆ ಹೀಗೆ.

ಭರವಸೆ ಕೊಡಬೇಕಾದವರು ಈಗ ಒಟಿಟಿಯವರು. ಡಾರ್ಕ್ ಮಾಡಿದ ಅದೇ ಇಬ್ಬರು 2022ರ ನವೆಂಬರ್‌ನಲ್ಲಿ '1899' ತಂದರು, ಅದಕ್ಕೂ ಮೂರು ಸೀಸನ್‌ನ ಲೆಕ್ಕ. ಅದೇ ಬುದ್ಧಿ, ಅದೇ ಶ್ರಮ. ಎರಡು ತಿಂಗಳೂ ಆಗುವ ಮೊದಲು, 2023ರ ಜನವರಿ ಮೊದಲ ವಾರವೇ, ಮುಂದಿನ ಸೀಸನ್ ಇಲ್ಲ ಅಂತ ಆಯಿತು. 'ದಿ ಓಎ'ಗೆ ಐದು ಸೀಸನ್‌ನ ಯೋಜನೆ ಇತ್ತು, 2019ರಲ್ಲಿ ಎರಡಕ್ಕೆ ನಿಂತಿತು. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕೊನೆ ಚೆನ್ನಾಗಿಲ್ಲದಿದ್ದರೆ ಬರೆದವರನ್ನು ಬೈಯುತ್ತೇವೆ, ಕೊನೆಯನ್ನೇ ಕೊಡದವರನ್ನು ಯಾರೂ ಕೇಳುವುದಿಲ್ಲ. ಜನ ಸೀರೀಸ್ ಮುಗಿದ ಮೇಲೆ ನೋಡೋಣ ಅಂತ ಕಾಯುತ್ತಾರೆ. ಕಾದದ್ದರಿಂದ ಮೊದಲ ವಾರಗಳಲ್ಲಿ ನೋಡುವವರು ಕಡಿಮೆ. ಕಡಿಮೆ ನೋಡಿದರು ಅಂತ ನಿಲ್ಲಿಸುತ್ತಾರೆ. ನಿಲ್ಲಿಸಿದ್ದು ನೋಡಿ ಇನ್ನೂ ಜಾಸ್ತಿ ಜನ ಕಾಯಲು ಶುರು ಮಾಡುತ್ತಾರೆ. ಟಿಕೆಟ್ ಕೊಡುವಾಗಲೇ ಇದು ಎಷ್ಟು ಭಾಗ, ಮುಗಿಸುತ್ತೇವೆ ಅಂತ ಒಂದು ಮಾತು ಕೊಡಲಿಕ್ಕೆ ಇವರಿಗೆ ಏನು ಕಷ್ಟ?

ನಮ್ಮ ದೂರದರ್ಶನ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ ಅಂತ ಅಮ್ಮ ಹೇಳುತ್ತಾರೆ, ಅದು ಸರಿಯೇ. ಆಗ ಧಾರಾವಾಹಿ ಅಂದರೆ ಹೆಚ್ಚಾಗಿ 13 ವಾರದ ಲೆಕ್ಕ. ಸದಾನಂದ ಸುವರ್ಣರ 'ಗುಡ್ಡದ ಭೂತ' ನಮ್ಮ ತುಳುನಾಡಿನ ಕತೆ, ಪ್ರಕಾಶ್ ರೈ ಇದ್ದರು. ಆ "ಡೆನ್ನಾನ ಡೆನ್ನಾನ" ಹಾಡು ಕೇಳಿದರೆ ಅಮ್ಮನಿಗೆ ಈಗಲೂ ಮೈ ಜುಂ ಅನ್ನುತ್ತದೆ. 2015ರಲ್ಲಿ 'ರಂಗಿತರಂಗ' ಬಂದಾಗ ನಮ್ಮ ಕಡೆ ಎಲ್ಲರಿಗೂ ಮತ್ತೆ ನೆನಪಾದದ್ದು ಅದೇ. ಸುವರ್ಣರು 2024ರಲ್ಲಿ ತೀರಿಕೊಂಡರು. ಅಂಥ ಕತೆಯನ್ನು ಇವತ್ತಿನ ಚಾನೆಲ್‌ನಲ್ಲಿ ವಾರಕ್ಕೆ ಐದು ದಿನ, ಟಿಆರ್‌ಪಿ ಇರುವವರೆಗೆ ಎಳೆಯಿರಿ ಅಂದರೆ ಏನಾಗುತ್ತಿತ್ತು? ಗುಡ್ಡದಲ್ಲಿ ಕಂಡದ್ದು ಏನು ಅಂತ ಗೊತ್ತಾಗುವ ಹೊತ್ತಿಗೆ ಹೆದರಿಕೊಳ್ಳಲು ಯಾರೂ ಉಳಿಯುತ್ತಿರಲಿಲ್ಲ. ಹಾಗಂತ ದಿನದ ಧಾರಾವಾಹಿಯನ್ನು ಹೀಯಾಳಿಸುವುದು ನನಗೆ ಇಷ್ಟವಿಲ್ಲ. ಅಲ್ಲಿ ವಿಷ ಹಾಕಿದವರು ಯಾರು ಅಂತ ಅಮ್ಮನಿಗೆ ಮೊದಲ ದಿನವೇ ತೋರಿಸಿರುತ್ತಾರೆ. ಮನೆಯವರಿಗೆ ಯಾವಾಗ ಗೊತ್ತಾಗುತ್ತದೆ ಅನ್ನುವುದಕ್ಕೆ ಅಮ್ಮ ಕೂರುವುದು. ಅದು ಬೇರೆ ಬಗೆಯ ಕುತೂಹಲ, ಅದಕ್ಕೆ ಕೊನೆ ಅಷ್ಟು ಮುಖ್ಯವಲ್ಲ.

'ದಹಾಡ್' ನೋಡುವಾಗ ನನಗೆ ಇದೇ ಅನ್ನಿಸಿತು. 2023ರಲ್ಲಿ ಪ್ರೈಮ್‌ನಲ್ಲಿ ಬಂದ ಎಂಟು ಕಂತಿನ ಹಿಂದಿ ಸೀರೀಸ್, ನಡೆಯುವುದು ರಾಜಸ್ಥಾನದಲ್ಲಿ. ಆದರೆ ಸಾರ್ವಜನಿಕ ಶೌಚಾಲಯದಲ್ಲಿ ಸೈನೈಡ್‌ನಿಂದ ಸತ್ತ ಹೆಂಗಸರು, ಮದುವೆಯ ಮಾತು ಕೊಟ್ಟು ಕರೆದುಕೊಂಡು ಹೋಗುವ ಮಾಸ್ತರ, ಇದೆಲ್ಲ ದಕ್ಷಿಣ ಕನ್ನಡದವರಿಗೆ ಹೇಳಿಕೊಡಬೇಕಾ? 2009ರಲ್ಲಿ ಹೀಗೇ ಹೆಂಗಸರನ್ನು ಕೊಂದ ಸೈನೈಡ್ ಮೋಹನ್ ಸಿಕ್ಕಿಬಿದ್ದಾಗ ಬಂಟ್ವಾಳದಿಂದ ಕುಂದಾಪುರದವರೆಗೆ ಮನೆ ಮನೆಯಲ್ಲಿ ಅದೇ ಮಾತು. ಕತೆ ಹೇಗೆ ಮುಗಿಯುತ್ತದೆ ಅಂತ ನಮಗೆ ಮೊದಲೇ ಗೊತ್ತಿದ್ದ ಹಾಗೆಯೇ. ಸೀರೀಸ್‌ನವರೂ ಅವನು ಯಾರು ಅಂತ ಬೇಗನೇ ತೋರಿಸಿಬಿಡುತ್ತಾರೆ. ಆದರೂ ಕೊನೆಯವರೆಗೆ ಬಿಡದೆ ನೋಡಿದೆ. ಇಷ್ಟು ಹೆಣ್ಣುಮಕ್ಕಳು ಕಾಣೆಯಾದರೂ ಮನೆಯವರು ದೂರು ಕೊಡಲಿಲ್ಲ ಯಾಕೆ, ಪೊಲೀಸರು ಹುಡುಕಲಿಲ್ಲ ಯಾಕೆ ಅನ್ನುವುದು ಅಲ್ಲಿ ನಿಜವಾದ ಪ್ರಶ್ನೆ. ಎಂಟು ಕಂತು ಆ ಪ್ರಶ್ನೆಯನ್ನು ಬಿಡುವುದಿಲ್ಲ.

ತಮಿಳಿನ 'ಸುಳಲ್' ಇನ್ನೊಂದು. 2022ರಲ್ಲಿ ಬಂದದ್ದು, ಪುಷ್ಕರ್-ಗಾಯತ್ರಿ ಬರೆದದ್ದು. ಊರಿನ ಅಮ್ಮನವರ ಉತ್ಸವದ ದಿನಗಳ ಜೊತೆಗೇ ತನಿಖೆ ಸಾಗುತ್ತದೆ, ಉತ್ಸವ ಮುಗಿಯುವ ಹೊತ್ತಿಗೆ ಉತ್ತರವೂ ಸಿಗುತ್ತದೆ. ಎಂಟು ಕಂತು, ಪೂರ್ತಿ ಕತೆ. 2025ರಲ್ಲಿ ಎರಡನೇ ಸೀಸನ್ ಬಂದಾಗ ಹೊಸ ಕೊಲೆ, ಹೊಸ ಊರು. ಅದು ಮರ್ಯಾದೆಯ ದಾರಿ. 'ಅಸುರ್' ಹಾಗೆ ಮಾಡಲಿಲ್ಲ. 2020ರಲ್ಲಿ ಬಾಯಿಗೆ ಬಂದ ತುತ್ತು ಕಿತ್ತುಕೊಂಡ ಹಾಗೆ ನಿಲ್ಲಿಸಿ, ಮುಂದಿನದ್ದು 2023ಕ್ಕೆ ತಂದರು. ಅಷ್ಟರಲ್ಲಿ ಯಾರು ಯಾರ ಮೇಲೆ ಸಂಶಯ ಪಟ್ಟಿದ್ದರು ಅನ್ನುವುದೇ ಮರೆತುಹೋಗಿತ್ತು. ಕನ್ನಡದಲ್ಲಿ ಈಗ ಶುರುವಾಗಿದೆ. 2025ರಲ್ಲಿ ಜೀ5ನಲ್ಲಿ 'ಅಯ್ಯನ ಮನೆ' ಬಂತು, ಅದೇ ವರ್ಷ 'ಶೋಧ'ವೂ ಬಂತು. ಎರಡೂ ಗಿಡ್ಡ ಕತೆಗಳು. ಎಲ್ಲವೂ ಇಷ್ಟ ಆಯಿತು ಅಂತಲ್ಲ. ಆದರೆ ಇನ್ನೊಂದು ಸೀಸನ್ ಬಂದರೆ ಹೇಳುತ್ತೇವೆ ಅಂತ ಕಾಯಿಸದೆ ಕತೆಯನ್ನು ಒಂದು ದಡ ಮುಟ್ಟಿಸುವ ಪ್ರಯತ್ನ ಇದೆ, ಅದೇ ದೊಡ್ಡ ಸಮಾಧಾನ.

ಚಿಕ್ಕಮ್ಮನ ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ನಾನು ಒತ್ತಾಯ ಮಾಡಿ ಲಾಸ್ಟ್ ಶುರು ಮಾಡಿಸಿದ್ದೇನೆ. ಮೊನ್ನೆ ಫೋನ್ ಮಾಡಿದ್ದಳು. "ಅಣ್ಣ, ಮೂರನೇ ಸೀಸನ್‌ಗೆ ಬಂದೆ. ಇವರು ಇನ್ನೂ ಎಷ್ಟು ಕಂತು ಬೋನಿನಲ್ಲೇ ಇರ್ತಾರೆ?" ಹಚ್ಚೆಯ ಕಂತನ್ನು ಓಡಿಸಿ ಮುಂದೆ ಹೋಗು, ಸೀಸನ್‌ನ ಕೊನೆಯ ಕಂತು ಮಾತ್ರ ಮೊಬೈಲ್ ಆಚೆ ಇಟ್ಟು ನೋಡು ಅಂತ ಹೇಳಿದ್ದೇನೆ. ಅದು ಪ್ರಸಾರವಾದದ್ದು 2007ರ ಮೇ 23ಕ್ಕೆ, ಮುಕ್ತಾಯದ ವರ್ಷ ಘೋಷಣೆಯಾದ ಅದೇ ತಿಂಗಳು. ಅದರ ಕೊನೆಯ ದೃಶ್ಯದಲ್ಲಿ ಏನಾಗುತ್ತದೆ ಅಂತ ಎಷ್ಟು ಕೇಳಿದರೂ ಹೇಳಿಲ್ಲ.